ನಡುವೆ ಬರುವ ಹಕ್ಕು: ‘ಇಂಟರ್ವೀನ್’ ಎಂಬ ಪದದ ಅರ್ಥವೂ ಮೂಲವೂ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ರಕ್ಷಕ-ಶಿಕ್ಷಕ ಸಂಘಗಳಿಗೆ ಮನವಿ ಬರೆಯುವುದು ಹೊಸ ಕೆಲಸವೇನಲ್ಲ. ಕನ್ನಡ ಅರಿಯದ ಅಧ್ಯಾಪಕರು ಕನ್ನಡ ತರಗತಿಗೆ ನಿಯುಕ್ತರಾದಾಗ, ಸುತ್ತೋಲೆಗಳು ಮಕ್ಕಳಿಗೂ ಮನೆಯವರಿಗೂ ತಿಳಿಯದ ಭಾಷೆಯಲ್ಲಿ ಬಂದಾಗ ಹೆತ್ತವರು ಒಟ್ಟುಗೂಡುತ್ತಾರೆ. ವಿದ್ಯಾಧಿಕಾರಿಗೋ ಜಿಲ್ಲಾಧಿಕಾರಿಗೋ ಒಂದು ಅರ್ಜಿ ಸಿದ್ಧವಾಗುತ್ತದೆ. ಅಂಥ ಅರ್ಜಿಯ ಕೊನೆಯ ಸಾಲು ಬಹುಮಟ್ಟಿಗೆ ಒಂದೇ: ‘ಆದುದರಿಂದ ತಾವು ಈ ವಿಷಯದಲ್ಲಿ ಮಧ್ಯಪ್ರವೇಶಿಸಿ ಮಕ್ಕಳಿಗೆ ನ್ಯಾಯ ದೊರಕಿಸಿಕೊಡಬೇಕು.’ ಅದನ್ನು ಇಂಗ್ಲಿಷಿಗೆ ತಿರುಗಿಸುವ ಹೊತ್ತಿಗೆ ತೊಡಕು ಆರಂಭವಾಗುತ್ತದೆ. ‘ಇಂಟರ್ವೀನ್’ ಎನ್ನಬೇಕೇ, ‘ಇಂಟರ್ಫಿಯರ್’ ಎನ್ನಬೇಕೇ? ಎರಡರಲ್ಲಿಯೂ ‘ಇಂಟರ್’ ಇದೆ. ಎರಡಕ್ಕೂ ‘ನಡುವೆ ಬರುವುದು’ ಎಂಬ ಅರ್ಥವೇ ನಿಘಂಟಿನಲ್ಲಿ ಕಾಣುತ್ತದೆ. ಆದರೆ ಒಂದು ಪದ ಬೇಡುವುದು ಒಂದನ್ನು, ಇನ್ನೊಂದು ಸೂಚಿಸುವುದು ಮತ್ತೊಂದನ್ನು. ಆ ವ್ಯತ್ಯಾಸ ಪದಗಳ ಹುಟ್ಟಿನಲ್ಲಿಯೇ ಅಡಗಿದೆ. ಭಾಷಾ ಅಲ್ಪಸಂಖ್ಯಾತರಾಗಿ ಬದುಕುವವರಿಗೆ ಅದನ್ನು ತಿಳಿದಿರುವುದು ಕೇವಲ ವ್ಯಾಕರಣದ ಪ್ರಶ್ನೆಯಲ್ಲ.

ಬಂದವನ ದಾರಿ

‘ಇಂಟರ್ವೀನ್’ ಎಂಬುದು ಲ್ಯಾಟಿನಿನ ‘ಇಂಟರ್ವೆನೀರೆ’ ಎಂಬ ಕ್ರಿಯಾಪದದಿಂದ ಬಂದುದು. ‘ಇಂಟರ್’ ಎಂದರೆ ನಡುವೆ. ‘ವೆನೀರೆ’ ಎಂದರೆ ಬರುವುದು. 16ನೆಯ ಶತಮಾನದ ಕೊನೆಯ ಭಾಗದಲ್ಲಿ ಅದು ಇಂಗ್ಲಿಷಿನಲ್ಲಿ ನೆಲೆಗೊಂಡಿತು. ಈ ಪದಕ್ಕೆ ಕರ್ತೃವಾಗಿ ಮನುಷ್ಯನೇ ಬೇಕೆಂದಿಲ್ಲ. ಎರಡು ಘಟನೆಗಳ ನಡುವೆ ವರ್ಷಗಳು ‘ಇಂಟರ್ವೀನ್’ ಆಗಬಹುದು. ಎರಡು ಊರುಗಳ ನಡುವೆ ಹೊಳೆಯೂ ಆಗಬಹುದು. ಕಾಸರಗೋಡಿನವರಿಗೆ ಚಂದ್ರಗಿರಿ ಹೊಳೆ ಅಂಥದೊಂದು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಆ ಹೊಳೆಯನ್ನೇ ಗೆರೆಯಾಗಿ ಹಿಡಿದು, ಅದರ ಉತ್ತರದ ಪ್ರದೇಶ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿತ್ತು. ಶಿಫಾರಸು ಜಾರಿಗೆ ಬರಲಿಲ್ಲ. ಹೊಳೆ ನಡುವೆ ಹರಿಯುತ್ತಲೇ ಇದೆ.

ಸಂಸ್ಕೃತ ಕಲಿಯುವ ಮಕ್ಕಳಿಗೆ ಈ ಲ್ಯಾಟಿನ್ ಪದ ಅಪರಿಚಿತವಾಗಿ ತೋರಬೇಕಾಗಿಲ್ಲ. ಭಾಷಾಶಾಸ್ತ್ರಜ್ಞರು ತೋರಿಸಿಕೊಟ್ಟಂತೆ ಲ್ಯಾಟಿನಿನ ‘ಇಂಟರ್’ ಮತ್ತು ಸಂಸ್ಕೃತದ ‘ಅಂತರ್’ ಒಂದೇ ಮೂಲದ ಸೋದರರು. ‘ವೆನೀರೆ’ ಮತ್ತು ಸಂಸ್ಕೃತದ ‘ಗಮ್’ ಧಾತುಗಳೂ ಹಾಗೆಯೇ. ಇಂಗ್ಲಿಷಿನ ‘ಕಮ್’ ಕೂಡ ಅದೇ ಕುಟುಂಬದ್ದು. ಅಂತೆಯೇ ‘ಇಂಟರ್ವೆನ್ಷನ್’ ಎಂಬುದರಲ್ಲಿರುವ ‘ವೆನ್ಟ್’ ಎಂಬ ಭಾಗಕ್ಕೆ ಸಂಸ್ಕೃತದ ‘ಗತ’ ಸರಿಸಾಟಿ. ಆ ಲೆಕ್ಕದಲ್ಲಿ ಇಂಟರ್ವೀನ್ ಪದದ ದೂರದ ನೆಂಟ ಕನ್ನಡದ ಮನೆಯೊಳಗೆ ಬಹುಕಾಲದಿಂದ ಇದ್ದಾನೆ: ‘ಅಂತರ್ಗತ’. ಹೊರಗಿನಿಂದ ನುಗ್ಗಿದ್ದಕ್ಕೆ ಕನ್ನಡಿಗರು ಆ ಪದವನ್ನು ಬಳಸುವುದಿಲ್ಲ. ಒಳಗೆ ಸೇರಿಹೋಗಿರುವುದಕ್ಕೆ ಬಳಸುತ್ತಾರೆ. ಈ ಅರ್ಥಚ್ಛಾಯೆ ಮುಂದೆ ನ್ಯಾಯಾಲಯದ ಬಾಗಿಲಲ್ಲಿ ಮತ್ತೆ ಎದುರಾಗುತ್ತದೆ.

‘ವೆನೀರೆ’ಯ ಸಂತತಿ ದೊಡ್ಡದು. ಜತೆಯಾಗಿ ಬರುವುದು ‘ಕನ್ವೆನ್ಷನ್’. ಮೊದಲೇ ಬಂದು ಎದುರು ನಿಲ್ಲುವುದು ‘ಪ್ರಿವೆಂಟ್’. ಹೊರಬಂದು ಫಲಿಸುವುದು ‘ಈವೆಂಟ್’. ತಿರುಗಿ ಕೈಗೆ ಬರುವುದು ‘ರೆವೆನ್ಯೂ’. ಗ್ರಾಮ ಕಚೇರಿಯಲ್ಲಿ ಭೂಕಂದಾಯ ಕಟ್ಟುವವರು ಅರಿಯದೆಯೇ ಈ ಧಾತುವನ್ನು ಉಚ್ಚರಿಸುತ್ತಾರೆ. ‘ಇಂಟರ್’ ಎಂಬ ಉಪಸರ್ಗದ ಬಳಗವೂ ಅಷ್ಟೇ ವಿಸ್ತಾರವಾದುದು. ಶಾಲೆಯ ‘ಇಂಟರ್ವಲ್’ ಎಂಬುದರ ಉತ್ತರಾರ್ಧ ಲ್ಯಾಟಿನಿನ ‘ವಾಲ್ಲುಂ’, ಅರ್ಥಾತ್ ರಕ್ಷಣೆಗಾಗಿ ಕಟ್ಟಿದ ದಿಬ್ಬ ಅಥವಾ ಕೋಟೆಗೋಡೆ. ಎರಡು ಗೋಡೆಗಳ ನಡುವಣ ತೆರಪೇ ಇಂಟರ್ವಲ್. ಬೇಕಲ ಕೋಟೆಗೆ ಶಾಲಾ ಪ್ರವಾಸ ಹೋದ ಮಗುವಿಗೆ ಇದನ್ನು ವಿವರಿಸಲು ಹೆಚ್ಚು ಮಾತು ಬೇಡ. ಎರಡು ಪಾಠಗಳು ಎರಡು ಗೋಡೆಗಳು. ಗಂಟೆ ಬಾರಿಸಿದಾಗ ದೊರೆಯುವ ಬಯಲು ಅವುಗಳ ನಡುವಿನದು.

ತಾಗಿಸಿಕೊಂಡವನ ದಾರಿ

‘ಇಂಟರ್ಫಿಯರ್’ ಪದದ ಹುಟ್ಟು ಬೇರೆ. ಅದರ ಉತ್ತರಾರ್ಧಕ್ಕೂ ಬರುವಿಕೆಗೂ ಸಂಬಂಧವಿಲ್ಲ. ಲ್ಯಾಟಿನಿನಲ್ಲಿ ‘ಫೆರೀರೆ’ ಎಂದರೆ ಹೊಡೆಯುವುದು. ಹಳೆಯ ಫ್ರೆಂಚಿನಲ್ಲಿ ಪರಸ್ಪರ ಹೊಡೆದುಕೊಳ್ಳುವುದು ಎಂಬ ಅರ್ಥದ ಕ್ರಿಯಾಪದವಾಗಿ ಅದು ಬಳಕೆಯಲ್ಲಿತ್ತು. 15ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಅದು ಮುಖ್ಯವಾಗಿ ಕುದುರೆಗೆ ಸಂಬಂಧಿಸಿದ ಮಾತಾಗಿತ್ತು. ಓಡುವ ಕುದುರೆಯ ಒಂದು ಕಾಲಿನ ಗೊರಸು ಇನ್ನೊಂದು ಕಾಲಿಗೆ ತಾಗಿ ಗಾಯವಾಗುವುದನ್ನು ಆ ಪದದಿಂದ ಹೇಳುತ್ತಿದ್ದರು. ತನ್ನ ಕಾಲೇ ತನ್ನ ನಡೆಗೆ ಅಡ್ಡಿಯಾಗುವ ಆ ಚಿತ್ರದಿಂದ, ಇನ್ನೊಬ್ಬರ ಕೆಲಸಕ್ಕೆ ಅಡ್ಡಬರುವುದು ಎಂಬ ಅರ್ಥ ಮೆಲ್ಲನೆ ಬೆಳೆಯಿತು.

ಭೌತಶಾಸ್ತ್ರದ ಪಾಠದಲ್ಲಿ ಮಕ್ಕಳು ಓದುವ ‘ವ್ಯತಿಕರಣ’ಕ್ಕೆ ಇಂಗ್ಲಿಷಿನಲ್ಲಿರುವ ಹೆಸರು ‘ಇಂಟರ್ಫಿಯರೆನ್ಸ್’. 19ನೆಯ ಶತಮಾನದ ಆರಂಭದಲ್ಲಿ ಥಾಮಸ್ ಯಂಗ್ ಎಂಬ ಇಂಗ್ಲಿಷ್ ವಿಜ್ಞಾನಿ ಬೆಳಕಿನ ಎರಡು ಅಲೆಗಳು ಒಂದನ್ನೊಂದು ಸಂಧಿಸಿ ಕೆಲವೆಡೆ ಬೆಳಗುವುದನ್ನೂ ಕೆಲವೆಡೆ ಕತ್ತಲಾಗುವುದನ್ನೂ ವಿವರಿಸಲು ಆ ಪದವನ್ನು ಬಳಸಿದನು. ಅಲ್ಲಿಯೂ ಉಳಿದಿರುವುದು ಪರಸ್ಪರ ತಾಗುವಿಕೆಯ ಅರ್ಥವೇ.

ಕನ್ನಡವು ಈ ಎರಡು ಪದಗಳಿಗೆ ಎರಡು ಸಂಸ್ಕೃತ ಸಮಾಸಗಳನ್ನು ಕೊಟ್ಟಿದೆ. ಇಂಟರ್ವೀನ್ ಎಂಬುದಕ್ಕೆ ‘ಮಧ್ಯಪ್ರವೇಶ’. ಇಂಟರ್ಫಿಯರ್ ಎಂಬುದಕ್ಕೆ ‘ಹಸ್ತಕ್ಷೇಪ’. ಮೊದಲನೆಯದರಲ್ಲಿ ಒಬ್ಬನು ನಡುವೆ ಪ್ರವೇಶಿಸುತ್ತಾನೆ. ಎರಡನೆಯದರಲ್ಲಿ ಕೈಯನ್ನು ಒಳಗೆ ಎಸೆಯುತ್ತಾನೆ. ಪ್ರವೇಶಕ್ಕೆ ಬಾಗಿಲು ಬೇಕು. ಕೈ ಹಾಕುವವನಿಗೆ ಕಿಟಕಿ ಸಾಕು. ಕನ್ನಡದ ಈ ಭೇದ ಇಂಗ್ಲಿಷಿನ ಮೂಲಾರ್ಥಗಳಿಗೆ ಆಶ್ಚರ್ಯಕರವಾಗಿ ಹೊಂದುತ್ತದೆ.

ಗಡಿನಾಡಿನ ಮಗುವಿನ ಕಿವಿಗೆ ಮೂರನೆಯ ಪದವೊಂದೂ ಬೀಳುತ್ತದೆ: ಮಲಯಾಳದ ‘ಇಡಪೆಡುಕ’. ಅಧಿಕಾರಿಗಳ ಮಧ್ಯಪ್ರವೇಶಕ್ಕೂ ಅನ್ಯರ ಹಸ್ತಕ್ಷೇಪಕ್ಕೂ ಮಲಯಾಳ ಪತ್ರಿಕೆಗಳು ಬಳಸುವುದು ಅದನ್ನೇ. ಜನರೊಡನೆ ಬೆರೆತು ವ್ಯವಹರಿಸುವುದಕ್ಕೂ ಅದೇ ಮಾತು. ಅದರ ಪೂರ್ವಾರ್ಧವಾದ ‘ಇಡ’ವು ಕನ್ನಡದ ‘ಎಡೆ’ಗೆ ಸೋದರ, ಉತ್ತರಾರ್ಧವು ‘ಪಡು’ವಿಗೆ ಸೋದರ. ಆಷಾಢದಲ್ಲಿ ಮಳೆ ಎಡೆಬಿಡದೆ ಸುರಿಯಿತು ಎನ್ನುವಾಗಲೂ, ಮಾತಿಗೆ ಎಡೆಕೊಡಲಿಲ್ಲ ಎನ್ನುವಾಗಲೂ ಕನ್ನಡಿಗರು ಆ ಹಳೆಯ ದ್ರಾವಿಡ ಪದವನ್ನೇ ಬಳಸುತ್ತಾರೆ. ನೆರೆಯ ಭಾಷೆಯಲ್ಲಿ ಒಂದೇ ಪದ ಎರಡು ಅರ್ಥಗಳನ್ನು ಹೊತ್ತಿರುವಾಗ, ಮಲಯಾಳದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ಸಾಗುವ ಕಾಗದಪತ್ರದಲ್ಲಿ ಮಧ್ಯಪ್ರವೇಶವು ಹಸ್ತಕ್ಷೇಪವಾಗುವುದು ಸುಲಭ. ಅದು ಮಲಯಾಳದ ದೋಷವಲ್ಲ. ಅನುವಾದಿಸುವವನು ವಹಿಸಬೇಕಾದ ಎಚ್ಚರ.

ಸಂಧಾನದ ಸಾಕ್ಷಿ

ಒಂದೇ ಕೃತ್ಯವನ್ನು ಒಬ್ಬರು ಮಧ್ಯಸ್ಥಿಕೆಯೆಂದೂ ಇನ್ನೊಬ್ಬರು ಹಸ್ತಕ್ಷೇಪವೆಂದೂ ಕರೆಯುವುದುಂಟು. ತಾಳಮದ್ದಳೆಯ ರಸಿಕರಿಗೆ ಇದರ ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ‘ಕೃಷ್ಣ ಸಂಧಾನ’ ಪ್ರಸಂಗವೇ ಇದೆ. ಕೃಷ್ಣನು ಪಾಂಡವರ ಪಕ್ಷದಿಂದ ಹಸ್ತಿನಾವತಿಗೆ ಬರುತ್ತಾನೆ. ಅವನು ಬಂದುದು ಸಂಧಾನಕ್ಕೆಂದು ಭೀಷ್ಮ, ವಿದುರರು ಬಗೆಯುತ್ತಾರೆ. ತನ್ನ ಮನೆಯ ವ್ಯವಹಾರಕ್ಕೆ ಕೈಹಾಕಲು ಬಂದನೆಂದು ಕೌರವನು ಬಗೆಯುತ್ತಾನೆ. ನಮ್ಮಿಬ್ಬರ ನಡುವೆ ಬರಲು ನೀನು ಯಾರು ಎಂಬ ಪ್ರಶ್ನೆಯೇ ಕೌರವನ ಪಾತ್ರಧಾರಿಗೆ ದೊರೆಯುವ ಮುಖ್ಯ ಆಯುಧ. ಕೃಷ್ಣನ ಪಾತ್ರಧಾರಿ ಅದಕ್ಕೆ ಕೊಡಬಹುದಾದ ಉತ್ತರ ಸಂಬಂಧದ ಉತ್ತರ: ಕುಂತಿ ಅವನಿಗೆ ಸೋದರತ್ತೆ, ಕೌರವನ ಮಗಳು ಲಕ್ಷಣೆಯನ್ನು ವರಿಸಿದ ಸಾಂಬನು ಅವನ ಮಗ. ಎರಡೂ ಕಡೆಗೆ ಸೇರಿದವನಾದ್ದರಿಂದ ನಡುವೆ ಬರುವ ಅಧಿಕಾರ ಅವನಿಗುಂಟು. ನ್ಯಾಯಾಲಯಗಳು ಇಂದು ಕೇಳುವುದೂ ಇದೇ ಪ್ರಶ್ನೆಯನ್ನು. ನಿರೀಕ್ಷಿಸುವುದೂ ಇಂಥದೇ ಉತ್ತರವನ್ನು.

ನಡುವೆ ಇರುವವನಿಗೆ ನಡುವೆ ಬರುವ ಹಕ್ಕು

ಇಬ್ಬರ ನಡುವೆ ವ್ಯಾಜ್ಯ ನಡೆಯುತ್ತಿರುವಾಗ ಮೂರನೆಯವನು ‘ಇದರ ತೀರ್ಪು ನನ್ನನ್ನೂ ತಾಗುತ್ತದೆ, ನನ್ನ ಮಾತನ್ನೂ ಕೇಳಿ’ ಎಂದು ನ್ಯಾಯಾಲಯದ ಮುಂದೆ ಬರುವುದನ್ನು ಕಾನೂನಿನ ಇಂಗ್ಲಿಷ್ ‘ಇಂಟರ್ವೆನ್ಷನ್’ ಎಂದು ಕರೆಯುತ್ತದೆ. ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆಯ 1ನೆಯ ಆದೇಶಕ್ಕೆ 1976ರ ತಿದ್ದುಪಡಿಯು 8-ಎ ಎಂಬ ನಿಯಮವನ್ನು ಸೇರಿಸಿತು. ದಾವೆಯಲ್ಲಿ ನೇರವಾಗಿಯೂ ಗಣನೀಯವಾಗಿಯೂ ವಿಚಾರಕ್ಕೆ ಬಂದಿರುವ ಕಾನೂನಿನ ಪ್ರಶ್ನೆಯಲ್ಲಿ ಹಿತಾಸಕ್ತಿಯುಳ್ಳ ವ್ಯಕ್ತಿಗೆ ಅಥವಾ ಸಮೂಹಕ್ಕೆ, ಸಾರ್ವಜನಿಕ ಹಿತದೃಷ್ಟಿಯಿಂದ ಅಗತ್ಯವೆಂದು ಕಂಡುಬಂದರೆ, ಅಭಿಪ್ರಾಯ ಮಂಡಿಸಲು ನ್ಯಾಯಾಲಯವು ಅನುಮತಿ ನೀಡಬಹುದೆಂಬುದು ಅದರ ಸಾರ.

ಇಲ್ಲಿ ಬರುವ ‘ಹಿತಾಸಕ್ತಿ’ ಎಂಬ ಪದಕ್ಕೆ ಇಂಗ್ಲಿಷಿನಲ್ಲಿರುವುದು ‘ಇಂಟರೆಸ್ಟ್’. ಅದನ್ನು ಬಿಡಿಸಿದರೆ ದೊರೆಯುವುದು ‘ಇಂಟರ್’ ಮತ್ತು ‘ಎಸ್ಸೆ’. ‘ಎಸ್ಸೆ’ ಎಂದರೆ ಇರುವುದು. ನಡುವೆ ಇರುವುದೇ ಇಂಟರೆಸ್ಟ್. ಯಾವುದೋ ಒಂದು ಸಂಗತಿ ತನಗೆ ಸಂಬಂಧಿಸಿದೆ, ಅದರಿಂದ ತನಗೆ ವ್ಯತ್ಯಾಸವಾಗುತ್ತದೆ ಎಂಬ ಅರ್ಥದಲ್ಲಿ ಲ್ಯಾಟಿನ್ ಆಡುಗರು ಅದನ್ನು ಬಳಸುತ್ತಿದ್ದರು. ಇಂಗ್ಲಿಷಿನಲ್ಲಿ ಅದಕ್ಕೆ ಮೊದಲು ಬಂದ ಅರ್ಥ ಕಾನೂನಿನ ಹಕ್ಕು ಅಥವಾ ಪಾಲು. ಕುತೂಹಲ, ಆಸಕ್ತಿ ಎಂಬ ಇಂದಿನ ಅರ್ಥ ಶತಮಾನಗಳ ಬಳಿಕ ಸೇರಿದುದು. ಬ್ಯಾಂಕಿನ ಬಡ್ಡಿಗೂ ಅದೇ ಹೆಸರು ಬಂದುದು, ನಷ್ಟಕ್ಕೆ ಕೊಡುವ ಪರಿಹಾರ ಎಂಬ ಮಧ್ಯಯುಗದ ಅರ್ಥದಿಂದ.

ಈ ಎರಡು ಪದಗಳನ್ನು ಅಕ್ಕಪಕ್ಕ ಇರಿಸಿದಾಗ ಕಾನೂನಿನ ತತ್ತ್ವವು ಸ್ವಚ್ಛವಾಗಿ ಕಾಣುತ್ತದೆ. ಈಗಾಗಲೇ ನಡುವೆ ಇರುವವನಿಗೆ ಮಾತ್ರ ನಡುವೆ ಬರುವ ಹಕ್ಕು. ಕೇವಲ ಕುತೂಹಲವಿರುವ ದಾರಿಹೋಕನಿಗೆ ನ್ಯಾಯಾಲಯ ಬಾಗಿಲು ತೆರೆಯುವುದಿಲ್ಲ. ತೀರ್ಪಿನ ಪರಿಣಾಮ ಯಾರ ಮನೆಯೊಳಗೆ ಅಂತರ್ಗತವಾಗಿದೆಯೋ ಅವನು ಬಾಗಿಲು ತಟ್ಟಬಹುದು. ಒಳಗೆ ಬರಲು ಅನುಮತಿ ಪಡೆಯಬೇಕು. ಬಂದ ಮೇಲೆ ಆಡಬೇಕಾದುದು ಆ ಪ್ರಶ್ನೆಗೆ ಸಂಬಂಧಿಸಿದ ಮಾತನ್ನೇ.

ಇಂಟರ್ಫಿಯರ್ ಎಂಬುದಕ್ಕೂ ನ್ಯಾಯಾಲಯದಲ್ಲಿ ಸ್ಥಾನವಿದೆ. ಆದರೆ ಅಲ್ಲಿ ಅದರ ಕರ್ತೃ ಬೇರೆ. ಕೆಳಗಿನ ನ್ಯಾಯಾಲಯದ ಆದೇಶವನ್ನು ಬದಲಾಯಿಸಲು ಮೇಲಿನ ನ್ಯಾಯಾಲಯ ಒಪ್ಪದಿದ್ದಾಗ ‘ಇಂಟರ್ಫಿಯರ್ ಮಾಡಲು ಕಾರಣ ಕಾಣುವುದಿಲ್ಲ’ ಎಂದು ಬರೆಯುತ್ತದೆ. ಅಲ್ಲಿ ಆ ಪದಕ್ಕೆ ನಿಂದೆಯ ಅರ್ಥವಿಲ್ಲ. ಹಳೆಯ ಆದೇಶ ಹಾಗೆಯೇ ಉಳಿಯಿತೆಂದಷ್ಟೇ ತಾತ್ಪರ್ಯ. ಪತ್ರಿಕೆಯಲ್ಲಿ ಅಂಥ ಸುದ್ದಿ ಓದುವವರು ಈ ಭೇದವನ್ನು ನೆನಪಿಡುವುದು ಒಳ್ಳೆಯದು: ಆದೇಶದ ಮೇಲೆ ಕೈಯಿಡುವುದು ನ್ಯಾಯಾಲಯ, ವ್ಯಾಜ್ಯದ ನಡುವೆ ಬರುವುದು ಬಾಧಿತನಾದ ಮೂರನೆಯವನು.

ಕೇರಳದಿಂದಲೇ ಹೋದ ಪ್ರಶ್ನೆ

ನಡುವೆ ಬಂದು ಮಾತನಾಡುವುದರಿಂದ ಏನು ಪ್ರಯೋಜನವೆಂದು ಕೇಳುವವರಿಗೆ ಕೇರಳದ ಚರಿತ್ರೆಯಲ್ಲಿಯೇ ಉತ್ತರವಿದೆ. 1957ರಲ್ಲಿ ರಾಜ್ಯ ವಿಧಾನಸಭೆ ಅಂಗೀಕರಿಸಿದ ಕೇರಳ ಶಿಕ್ಷಣ ಮಸೂದೆಯನ್ನು ರಾಷ್ಟ್ರಪತಿಯವರು ಸಂವಿಧಾನದ 143ನೆಯ ಅನುಚ್ಛೇದದಂತೆ ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯಕ್ಕಾಗಿ ಕಳುಹಿಸಿದರು. ಅದು ಇಬ್ಬರು ಕಕ್ಷಿದಾರರ ನಡುವಣ ವ್ಯಾಜ್ಯವಾಗಿರಲಿಲ್ಲ. ಆದರೂ ಸರಕಾರಗಳ ಹೊರತಾಗಿ, ಮಸೂದೆಯಿಂದ ಬಾಧಿತವಾಗಬಹುದಾದ ಸಂಸ್ಥೆಗಳಿಗೂ ತಮ್ಮ ವಾದ ಮಂಡಿಸಲು ಅವಕಾಶ ದೊರೆಯಿತು.

ಅಲ್ಲಿ ಕೇರಳ ಸರಕಾರ ಮಂಡಿಸಿದ ವಾದವೊಂದು ಕಾಸರಗೋಡಿನವರು ಗಮನಿಸತಕ್ಕದ್ದು. ಅಲ್ಪಸಂಖ್ಯಾತರು ಯಾರೆಂಬುದನ್ನು ವಿದ್ಯಾಸಂಸ್ಥೆ ಇರುವ ಆಯಾ ಪ್ರದೇಶದ ಜನಸಂಖ್ಯೆಯಿಂದ ಅಳೆಯಬೇಕೆಂಬುದು ಆ ವಾದ. ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ನೇತೃತ್ವದ ಪೀಠವು 1958ರ ಮೇ 22ರಂದು ನೀಡಿದ ಅಭಿಪ್ರಾಯದಲ್ಲಿ ಅದನ್ನು ಒಪ್ಪಲಿಲ್ಲ. ಮಸೂದೆ ಇಡೀ ರಾಜ್ಯಕ್ಕೆ ಅನ್ವಯಿಸುವುದರಿಂದ ಇಡೀ ರಾಜ್ಯದ ಜನಸಂಖ್ಯೆಯನ್ನೇ ಅಳತೆಗೋಲಾಗಿ ಹಿಡಿಯಬೇಕೆಂದು ಹೇಳಿತು. 2002ರ ಅಕ್ಟೋಬರ್ 31ರಂದು ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಭಾಷಾ ಹಾಗೂ ಧಾರ್ಮಿಕ ಅಲ್ಪಸಂಖ್ಯಾತರಿಬ್ಬರಿಗೂ ರಾಜ್ಯವೇ ಘಟಕವೆಂದು ಸ್ಥಿರಪಡಿಸಿತು. ಆ ಪ್ರಕರಣದ ಹೆಸರಿನಲ್ಲಿರುವ ಸಂಸ್ಥೆ ಮಣಿಪಾಲದ್ದು. ಮಂಜೇಶ್ವರದಿಂದ ಅದು ದೂರದ ಊರಲ್ಲ. ಗಡಿಯ ಒಂದು ವಾರ್ಡಿನಲ್ಲಿ ಕನ್ನಡ ಮನೆಗಳು ಹೆಚ್ಚಿದ್ದರೂ ಕೇರಳದಲ್ಲಿ ಕನ್ನಡಿಗರು ಅಲ್ಪಸಂಖ್ಯಾತರೇ ಎಂಬ ಮಾತಿಗೆ ಹೀಗೆ ಭದ್ರವಾದ ಆಧಾರವಿದೆ.

ಕನ್ನಡದಲ್ಲಿಯೇ ಬರೆಯಬಹುದು

1956ರ ನವೆಂಬರ್ 1ರಂದು, ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು ಹೊಸ ಕೇರಳ ರಾಜ್ಯಕ್ಕೆ ಸೇರಿತು. ಅದೇ ದಿನ ಜಾರಿಗೆ ಬಂದ ಸಂವಿಧಾನದ ಏಳನೆಯ ತಿದ್ದುಪಡಿಯು, ಗೆರೆ ಬದಲಾದುದರಿಂದ ಭಾಷಾ ಅಲ್ಪಸಂಖ್ಯಾತರಾದವರಿಗಾಗಿ ಎರಡು ಅನುಚ್ಛೇದಗಳನ್ನು ಸೇರಿಸಿತು. ಅವರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕೆಂದು 350-ಎ ಹೇಳುತ್ತದೆ. ‘ಪ್ರಯತ್ನ’ ಎಂಬುದು ಬಿಗಿಯಾದ ಪದವಲ್ಲ, ನಿಜ. ಆದರೆ ಆ ಸೌಕರ್ಯ ದೊರಕುವಂತೆ ಅಗತ್ಯವಾದ ನಿರ್ದೇಶ ನೀಡುವ ಅಧಿಕಾರವನ್ನು ಅದೇ ಅನುಚ್ಛೇದ ರಾಷ್ಟ್ರಪತಿಗೆ ಕೊಟ್ಟಿದೆ. 350-ಬಿ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯೊಬ್ಬರನ್ನು ನೇಮಿಸುತ್ತದೆ. ಅವರ ವರದಿಗಳು ಸಂಸತ್ತಿನ ಮುಂದೆ ಬರುತ್ತವೆ, ಸಂಬಂಧಿಸಿದ ರಾಜ್ಯಗಳಿಗೂ ಹೋಗುತ್ತವೆ. ಮಧ್ಯಪ್ರವೇಶಕ್ಕೆ ಸಂವಿಧಾನವೇ ತೆರೆದಿಟ್ಟ ಬಾಗಿಲುಗಳಿವು.

ಮೂಲ ಸಂವಿಧಾನದಲ್ಲಿಯೇ ಇದ್ದ 350ನೆಯ ಅನುಚ್ಛೇದ ಎಲ್ಲಕ್ಕಿಂತ ಸರಳವಾದುದು. ಯಾವನೇ ವ್ಯಕ್ತಿ ತನ್ನ ಕುಂದುಕೊರತೆಯ ಪರಿಹಾರಕ್ಕಾಗಿ ಒಕ್ಕೂಟದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕೂಡ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಲು ಅವಕಾಶ ಕಲ್ಪಿಸಿದೆ. ಎಂದಮೇಲೆ, ಇಂಟರ್ವೀನ್ ಎನ್ನಬೇಕೇ ಇಂಟರ್ಫಿಯರ್ ಎನ್ನಬೇಕೇ ಎಂಬ ತೊಡಕಿನಲ್ಲಿ ಸಿಲುಕಿದ ರಕ್ಷಕ-ಶಿಕ್ಷಕ ಸಂಘ ಇಂಗ್ಲಿಷನ್ನು ಪಕ್ಕಕ್ಕಿಟ್ಟು ಅಚ್ಚಗನ್ನಡದಲ್ಲಿಯೇ ಅರ್ಜಿ ಬರೆಯಬಹುದು. ಹಾಗೆ ಬರೆದು, ಸ್ವೀಕೃತಿಯ ರಸೀದಿಯನ್ನೂ ಪ್ರತಿಯನ್ನೂ ಜೋಪಾನವಾಗಿ ಇರಿಸಿಕೊಳ್ಳುವುದು ವಿವೇಕ. ಮುಂದೊಂದು ದಿನ ನ್ಯಾಯಾಲಯದ ಮೆಟ್ಟಿಲೇರಬೇಕಾಗಿ ಬಂದರೆ, ಮೊದಲು ಅಧಿಕಾರಿಯ ಬಾಗಿಲು ತಟ್ಟಿದ್ದಕ್ಕೆ ಆ ಚೀಟಿಯೇ ಸಾಕ್ಷಿ.

ಇಂಗ್ಲಿಷಿನಲ್ಲಿ ಬರೆಯಲೇಬೇಕಾಗಿ ಬಂದರೆ ಅಧಿಕಾರಿಯನ್ನು ಬೇಡಬೇಕಾದುದು ಇಂಟರ್ವೀನ್ ಆಗುವಂತೆ. ಕನ್ನಡ ಬಾರದ ಅಧ್ಯಾಪಕರ ನೇಮಕದಿಂದ ಕಲಿಕೆಗೆ ಆಗುತ್ತಿರುವ ತೊಂದರೆಯನ್ನು ಹೇಳಲು ಇಂಟರ್ಫಿಯರ್ ತಕ್ಕ ಪದ. ಮಗುವಿನ ನಡೆಗೆ ತಾಗುತ್ತಿರುವ ಗೊರಸು ಅದೇ. ಆ ಅಧ್ಯಾಪಕರ ಮೇಲೆ ದ್ವೇಷ ಬೇಡ. ತನಗೆ ತಿಳಿಯದ ಭಾಷೆಯ ತರಗತಿಯಲ್ಲಿ ನಿಲ್ಲಬೇಕಾದ ಅವರ ಸ್ಥಿತಿಯೂ ಸುಖಕರವಲ್ಲ. ದೂರು ವ್ಯವಸ್ಥೆಯ ಕುರಿತಾಗಿರಲಿ.

ಕೊನೆಯದಾಗಿ, ಅರ್ಜಿಯ ಅಡಿಯಲ್ಲಿ ಸಹಿ ಹಾಕುವಾಗ ಬರಿಯ ಹೆಸರನ್ನು ಬರೆದು ನಿಲ್ಲಿಸುವುದು ಹಲವರ ರೂಢಿ. ಹೆಸರಿನ ಕೆಳಗೆ ಇನ್ನೊಂದು ಸಾಲು ಇರಬೇಕು: ‘ಈ ಶಾಲೆಯ ಮೂರನೆಯ ತರಗತಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿಯುತ್ತಿರುವ ಮಗುವಿನ ತಾಯಿ.’ ನಮ್ಮ ನಡುವೆ ಬರಲು ನೀನು ಯಾರು ಎಂಬ ಪ್ರಶ್ನೆಗೆ ಆ ಸಾಲಿಗಿಂತ ಬೇರೆ ಉತ್ತರವನ್ನು ಕಾನೂನು ಕೇಳುವುದಿಲ್ಲ.